ಯಾರೂ ಕರೆಯದ ಕೆಚ್ಚಲು: ಮಾಂಸದ ತಳಿಯ ಎಳೆ ಹಸುಗಳ ಹಾಲಿನ ಲೆಕ್ಕ

ಡೈರಿ ಹಸುವಿನ ಕೆಚ್ಚಲಿಗೆ ಏನಾದರೂ ಆದರೆ ಅರ್ಧ ದಿನದೊಳಗೆ ಗೊತ್ತಾಗುತ್ತದೆ. ಬೆಳಿಗ್ಗೆ, ಸಂಜೆ ಯಾರಾದರೂ ಕೈ ಹಾಕಿಯೇ ಹಾಕುತ್ತಾರೆ. ಒಂದು ಮೊಲೆ ಬಿಸಿಯಾಗಿದ್ದರೆ, ಹಾಲಿನಲ್ಲಿ ಗಟ್ಟಿ ಚೂರು ಕಂಡರೆ, ಪಾತ್ರೆ ಎಂದಿನಷ್ಟು ತುಂಬದಿದ್ದರೆ ಕೂಡಲೇ ಅನುಮಾನ ಬರುತ್ತದೆ. ಮಾಂಸಕ್ಕಾಗಿ ಸಾಕುವ ತಳಿಗಳಲ್ಲಿ ಈ ಅನುಕೂಲ ಇಲ್ಲ. ಆಂಗಸ್, ಹೆರೆಫೋರ್ಡ್, ಶಾರೊಲೆ, ಸಿಮೆಂಟಲ್ ಥರದ ಹಸುಗಳು ಕರುವಿನ ಜೊತೆ ಹುಲ್ಲುಗಾವಲಿನಲ್ಲೇ ಇರುತ್ತವೆ. ಹಾಲು ಕುಡಿಯುವುದು ಕರು ಮಾತ್ರ. ಎಷ್ಟು ಕುಡಿಯಿತು, ಯಾವ ಮೊಲೆಯಿಂದ ಕುಡಿಯಿತು, ಯಾವುದನ್ನು ಬಿಟ್ಟಿತು ಎಂದು ಯಾರೂ ಬರೆದಿಡುವುದಿಲ್ಲ.

ಹಾಗಾಗಿ ಇಂಥ ಹಸುವಿನ ಕೆಚ್ಚಲಿನ ತೊಂದರೆ ನಮಗೆ ಕಾಣುವುದು ಕರುವಿನ ಮೈಮೇಲೆ. ಅದೂ ಬಹಳ ತಡವಾಗಿ. ಆರೇಳು ತಿಂಗಳಾದ ಮೇಲೆ ಕರುವಿನ ಹಾಲು ಬಿಡಿಸಿ ತೂಕಕ್ಕೆ ನಿಲ್ಲಿಸಿದಾಗ, ಉಳಿದವುಗಳಿಗಿಂತ ಇದು ಯಾಕೋ ಸಣ್ಣದಾಗಿದೆಯಲ್ಲ ಎಂದು ಅನ್ನಿಸುತ್ತದೆ. ಆ ಹೊತ್ತಿಗೆ ಮಾಡಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ಅಥವಾ ಎರಡನೇ ಸೂಲಿನ ಎಳೆ ಹಸುಗಳಲ್ಲಿ ಇದು ಇನ್ನೂ ಗೋಜಲು. ಎಳೆ ಹಸು ಹೇಗಿದ್ದರೂ ಕಡಿಮೆ ಹಾಲು ಕೊಡುತ್ತದೆ. ಹಾಗಾದರೆ ಕರು ಸಣ್ಣದಾಗಿದ್ದು ತಾಯಿಯ ವಯಸ್ಸಿನಿಂದಲಾ, ಕಾಯಿಲೆಯಿಂದಲಾ, ಮೇವಿನಿಂದಲಾ? ಇದನ್ನು ಬಿಡಿಸಿ ನೋಡಲು ಮೊದಲು ಸಹಜ ಯಾವುದು ಎಂದು ತಿಳಿದಿರಬೇಕು.

ಸಹಜವಾಗಿ ಎಷ್ಟು ಹಾಲು?

ಹಾಲು ಜಾಸ್ತಿ ಇರುವ ದಿನಗಳಲ್ಲೂ ಹೆರೆಫೋರ್ಡ್ ಹಸು ದಿನಕ್ಕೆ ಸುಮಾರು 7 ಕೆಜಿ ಕೊಡುತ್ತದೆ. ಆಂಗಸ್ 8 ಕೆಜಿ, ಸಿಮೆಂಟಲ್ 12 ಕೆಜಿಯ ಆಸುಪಾಸು. ಚೆನ್ನಾಗಿ ಸಾಕಿದ ಹೋಲ್‌ಸ್ಟೀನ್ ಡೈರಿ ಹಸು ಅದೇ ಹಂತದಲ್ಲಿ 35-40 ಕೆಜಿ ದಾಟುವುದುಂಟು. ಮಾಂಸದ ತಳಿಯ ಹಸುವಿನ ಹಾಲು ಕರು ಹಾಕಿದ ಎಂಟೊಂಬತ್ತು ವಾರಕ್ಕೆ ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ಕರು ಹುಲ್ಲು ಮೇಯಲು ಕಲಿತಿರುತ್ತದೆ. ಮೂರು ತಿಂಗಳ ನಂತರ ಕರುವಿನ ಹೊಟ್ಟೆಗೆ ಹಾಲಿನಷ್ಟೇ ಹುಲ್ಲೂ ಮುಖ್ಯ.

ಕರೆಯದ ಹಾಲನ್ನು ಅಳೆಯುವುದು ಹೇಗೆ ಅಂತೀರಾ? ಸಂಶೋಧಕರು ಒಂದು ಸರಳ ಉಪಾಯ ಮಾಡುತ್ತಾರೆ. ಕರುವನ್ನು ಕೆಲವು ಗಂಟೆ ತಾಯಿಯಿಂದ ದೂರ ಇಟ್ಟು, ಹಸಿದ ಕರುವನ್ನು ತೂಗಿ, ಕುಡಿಯಲು ಬಿಡುತ್ತಾರೆ. ಕುಡಿದ ಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಹಾಲು. ಮಧ್ಯೆ ಕರು ಉಚ್ಚೆ ಹೊಯ್ದರೆ ಲೆಕ್ಕ ತಪ್ಪುತ್ತದೆ ಎನ್ನುವುದು ಬೇರೆ ಮಾತು. ದಿನನಿತ್ಯದ ಸಾಕಾಣಿಕೆಯಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಅಲ್ಲಿ ಕರುವಿನ ತೂಕವೇ ಹಾಲಿನ ಅಳತೆ.

ಈಗ ವಯಸ್ಸಿಗೆ ಬರೋಣ. ಎರಡು ವರ್ಷಕ್ಕೆ ಕರು ಹಾಕಿದ ಚೊಚ್ಚಲ ಹಸು, ಬೆಳೆದು ನಿಂತ ಹಸು ಕೊಡುವುದರಲ್ಲಿ ಸುಮಾರು ಮುಕ್ಕಾಲು ಭಾಗ ಮಾತ್ರ ಕೊಡುತ್ತದೆ. ಮೂರು ವರ್ಷಕ್ಕೆ ಅದು ಶೇ 88ರ ಹತ್ತಿರ ಬರುತ್ತದೆ. ಪೂರ್ತಿ ಹಾಲು ಸಿಗುವುದು ಐದನೇ ವರ್ಷದ ಸುಮಾರಿಗೆ. ಈ ವ್ಯತ್ಯಾಸ ಎಷ್ಟು ಸಾಮಾನ್ಯವೆಂದರೆ, ಕರುಗಳ ತೂಕ ಹೋಲಿಸುವಾಗ ಇದಕ್ಕೆ ಲೆಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ಅಮೆರಿಕದ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಶನ್ ಎಲ್ಲ ಕರುಗಳ ತೂಕವನ್ನೂ 205 ದಿನಕ್ಕೆ ಸರಿಹೊಂದಿಸುವಾಗ, ಎರಡು ವರ್ಷದ ತಾಯಿಯ ಗಂಡು ಕರುವಿಗೆ 60 ಪೌಂಡ್, ಅಂದರೆ ಸುಮಾರು 27 ಕೆಜಿ ಸೇರಿಸುತ್ತದೆ. ತಾಯಿಗೆ ಮೂರು ವರ್ಷವಾಗಿದ್ದರೆ 18 ಕೆಜಿ, ನಾಲ್ಕಾಗಿದ್ದರೆ 9 ಕೆಜಿ. ಐದರಿಂದ ಹತ್ತು ವರ್ಷದ ತಾಯಿಗೆ ಏನೂ ಇಲ್ಲ. ಹನ್ನೊಂದು ದಾಟಿದರೆ ಮತ್ತೆ ಸೇರಿಸಬೇಕು. ಅಂದರೆ ಚೊಚ್ಚಲ ಹಸುವಿನ ಕರು ಇಪ್ಪತ್ತು ಚಿಲ್ಲರೆ ಕೆಜಿ ಹಿಂದೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಇನ್ನೊಂದು ಚೊಚ್ಚಲ ಹಸುವಿನ ಕರುವಿಗಿಂತಲೂ ಹಿಂದೆ ಬಿದ್ದರೆ ಆಗ ಕೆಚ್ಚಲಿನ ಕಡೆ ನೋಡಬೇಕು.

ಎಳೆ ಹಸು ಕಡಿಮೆ ಕೊಡುವುದಕ್ಕೆ ಕಾರಣ ಒಂದಲ್ಲ. ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ. ಕರು ಹಾಕುವಾಗ ಅದರ ತೂಕ ಪೂರ್ತಿ ಬೆಳೆದ ತೂಕದ ಶೇ 85 ಇದ್ದರೆ ಅದೇ ಒಳ್ಳೆಯ ಸಾಕಾಣಿಕೆ. ಹಲ್ಲು ಬೇರೆ ಬದಲಾಗುತ್ತಿರುತ್ತದೆ, ಒಂದೇ ಸಲ ಜಾಸ್ತಿ ತಿನ್ನಲಾಗುವುದಿಲ್ಲ. ತಿಂದದ್ದು ಮೈಗೂ ಹೋಗಬೇಕು, ಹಾಲಿಗೂ ಹೋಗಬೇಕು. ಇದರ ಜೊತೆಗೆ ಕೆಚ್ಚಲಿನೊಳಗೆ ಹಾಲು ತಯಾರಿಸುವ ಕೋಶಗಳ ಸಂಖ್ಯೆಯೇ ಇನ್ನೂ ಕಡಿಮೆ. ಪ್ರತಿ ಗಬ್ಬದಲ್ಲೂ ಅವು ಸ್ವಲ್ಪ ಸ್ವಲ್ಪ ಹೆಚ್ಚುತ್ತವೆ.

ಕರು ಹಾಕುವುದಕ್ಕೆ ಬಹಳ ಮೊದಲೇ ಕೆಚ್ಚಲು ಕಟ್ಟುತ್ತದೆ

ಹೆಚ್ಚಿನವರು ಗಮನಿಸದ ವಿಷಯ ಇದು. ಹಸುವಿನ ಕೆಚ್ಚಲಿನ ಅರ್ಧ ಕಥೆ ಅದಿನ್ನೂ ಕರುವಾಗಿದ್ದಾಗಲೇ ಬರೆದಾಗಿರುತ್ತದೆ.

ಹುಟ್ಟಿದ ಹೆಣ್ಣು ಕರುವಿನಲ್ಲಿ ಕೆಚ್ಚಲು ಅಂದರೆ ಒಂದಿಷ್ಟು ಕೊಬ್ಬಿನ ಮೆತ್ತೆ, ಅದರೊಳಗೆ ಕೆಲವು ಸಣ್ಣ ನಾಳಗಳು, ಅಷ್ಟೆ. ಮೂರನೇ ತಿಂಗಳ ಹೊತ್ತಿಗೆ ಈ ನಾಳಗಳು ಮೈಗಿಂತ ಜೋರಾಗಿ ಬೆಳೆಯಲು ಶುರುಮಾಡುತ್ತವೆ. ಕೊಬ್ಬಿನ ಮೆತ್ತೆಯೊಳಗೆ ಕವಲೊಡೆದು ಹರಡುತ್ತವೆ. ಕಡಸು ಬೆದೆಗೆ ಬರುವ ಹೊತ್ತಿಗೆ ಈ ಓಟ ನಿಂತು, ಮತ್ತೆ ಮೈಯ ಜೊತೆ ಸಮಸಮವಾಗಿ ನಡೆಯುತ್ತದೆ. ಮುಂದೆ ಹಾಲಿನ ಕೋಶಗಳು ಮೂಡಬೇಕಾದ್ದು ಈ ಕವಲುಗಳ ತುದಿಯಲ್ಲೇ. ಕವಲು ಕಡಿಮೆಯಾದರೆ ಕೋಶಗಳೂ ಕಡಿಮೆ.

ಈ ಆರೇಳು ತಿಂಗಳಲ್ಲಿ ಕರುವಿಗೆ ವಿಪರೀತ ಕಾಳು, ಹಿಂಡಿ ಹಾಕಿ ದಪ್ಪ ಮಾಡಿದರೆ ಕೆಚ್ಚಲಿನಲ್ಲಿ ನಾಳದ ಬದಲು ಕೊಬ್ಬು ತುಂಬಿಕೊಳ್ಳುತ್ತದೆ. ನೋಡಲು ಕೆಚ್ಚಲು ದುಂಡಗೆ ಚೆನ್ನಾಗಿರುತ್ತದೆ. ಒಳಗೆ ಕೆಲಸ ಮಾಡುವ ಭಾಗ ಕಡಿಮೆ. ಮಾಂಸದ ತಳಿಗಳಲ್ಲಿ ತಾಯಿಯ ಹಾಲಿನ ಜೊತೆ ಕರುವಿಗೆ ಪ್ರತ್ಯೇಕವಾಗಿ ದಾಣಿ ಇಡುವ ರೂಢಿ ಇದೆ. ಮಾರುವ ಗಂಡು ಕರುಗಳಿಗೆ ಅದು ಲಾಭ. ಅದೇ ದಾಣಿ ತಿಂದು ಬೆಳೆದ ಹೆಣ್ಣು ಕರುಗಳು ಮುಂದೆ ತಾಯಿಯಾದಾಗ ಕಡಿಮೆ ಹಾಲು ಕೊಟ್ಟು, ಹಗುರ ಕರು ಬೆಳೆಸಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಮಂದೆಗೆ ಉಳಿಸಿಕೊಳ್ಳುವ ಹೆಣ್ಣು ಕರುಗಳನ್ನು ಮಾರುವ ಕರುಗಳ ಥರವೇ ಸಾಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಹಾಗಂತ ಉಪವಾಸ ಕೆಡವುವುದೂ ಸರಿಯಲ್ಲ. ಬಡಕಲು ಕಡಸು ಬೆದೆಗೇ ತಡವಾಗಿ ಬರುತ್ತದೆ. ಹದವಾಗಿ, ನಿಲ್ಲದೆ ಬೆಳೆಯುವಂತೆ ಮೇವು ಕೊಡುವುದೇ ದಾರಿ.

ಎರಡನೇ ದೊಡ್ಡ ಬೆಳವಣಿಗೆ ಮೊದಲ ಗಬ್ಬದಲ್ಲಿ ಆಗುತ್ತದೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ. ನಾಳಗಳ ತುದಿಯಲ್ಲಿ ಹಾಲಿನ ಕೋಶಗಳ ಗೊಂಚಲು ಮೂಡುವುದು ಆಗಲೇ. ಹೊಟ್ಟೆಯೊಳಗಿನ ಕರುವೂ ಅದೇ ಸಮಯಕ್ಕೆ ಜೋರಾಗಿ ಬೆಳೆಯುತ್ತದೆ. ಮೇವಿನ ಕೊರತೆ ಬಿದ್ದರೆ ಗಿಣ್ಣು ಹಾಲಿಗೂ ಪೆಟ್ಟು, ಆಮೇಲಿನ ಹಾಲಿಗೂ ಪೆಟ್ಟು. ಹಸುವಿನ ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗೆ ಅಂಕ ಕೊಟ್ಟು ಅಳೆಯುವ ಪದ್ಧತಿ ಇದೆ. ಅದರಲ್ಲಿ ಬೆಳೆದ ಹಸು ಕರು ಹಾಕುವಾಗ 5 ಇದ್ದರೆ ಸಾಕು. ಚೊಚ್ಚಲ ಹಸು 6 ಇರಬೇಕು ಎನ್ನುತ್ತಾರೆ. ಆ ಒಂದು ಅಂಕ ಎಳೆ ಹಸುವಿನ ಉಳಿತಾಯ ಖಾತೆ.

ಊತವೋ, ಬಾವೋ?

ಕರು ಹಾಕುವ ದಿನ ಹತ್ತಿರ ಬಂದಂತೆ ಚೊಚ್ಚಲ ಹಸುವಿನ ಕೆಚ್ಚಲು ಊದುತ್ತದೆ. ಕೆಲವಕ್ಕೆ ಊತ ಹೊಕ್ಕುಳವರೆಗೂ ಹರಡುತ್ತದೆ. ಕೆಚ್ಚಲಿಗೆ ರಕ್ತ ಜೋರಾಗಿ ಹರಿಯತೊಡಗಿರುತ್ತದೆ, ಆದರೆ ಅಲ್ಲಿಂದ ನೀರು ವಾಪಸ್ ಹೋಗುವ ದಾರಿ ಇನ್ನೂ ಹೊಂದಿಕೊಂಡಿರುವುದಿಲ್ಲ. ಒಳಗಿನ ಕರುವಿನ ಭಾರವೂ ರಕ್ತನಾಳಗಳನ್ನು ಒತ್ತುತ್ತದೆ. ನೀರು ಚರ್ಮದ ಕೆಳಗೆ ನಿಲ್ಲುತ್ತದೆ. ಇದು ಕಾಯಿಲೆಯಲ್ಲ. ಸಾಮಾನ್ಯವಾಗಿ ಕರು ಹಾಕಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ.

ಇದನ್ನು ಕೆಚ್ಚಲು ಬಾವು ಎಂದುಕೊಂಡು ಇಂಜೆಕ್ಷನ್ ಕೊಡಿಸುವವರಿದ್ದಾರೆ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಗುಳಿ ಬಿದ್ದು ಹಾಗೇ ಸ್ವಲ್ಪ ಹೊತ್ತು ನಿಂತರೆ ಅದು ನೀರಿನ ಊತ. ಅದು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿರುತ್ತದೆ, ಬಿಸಿ ಇರುವುದಿಲ್ಲ. ಬಾವು ಆದಾಗ ಹೆಚ್ಚಾಗಿ ಒಂದೇ ಭಾಗ ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾಗುವಂತಿರುತ್ತದೆ. ಹಾಲು ನೀರುನೀರಾಗಿ, ಹಳದಿಯಾಗಿ ಅಥವಾ ಚೂರುಚೂರಾಗಿ ಬರುತ್ತದೆ. ಕೆಚ್ಚಲಿನ ನಾಲ್ಕು ಭಾಗಗಳೂ ಒಳಗೆ ಬೇರೆ ಬೇರೆ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ಸೋಂಕು ಒಂದೇ ಭಾಗದಲ್ಲಿ ಕೂರಬಹುದು.

ನೀರಿನ ಊತ ಅತಿಯಾದರೆ ಅದೂ ತೊಂದರೆಯೇ. ಮೊಲೆಗಳು ಗಿಡ್ಡವಾಗಿ ಕರುವಿನ ಬಾಯಿಗೆ ಸಿಗುವುದಿಲ್ಲ. ನೋವಿನಿಂದ ಹಸು ಒದೆಯುತ್ತದೆ. ಕೆಚ್ಚಲನ್ನು ಎತ್ತಿ ಹಿಡಿಯುವ ಕಟ್ಟುಗಳ ಮೇಲೆ ಭಾರ ಬೀಳುತ್ತದೆ. ಕೊನೆಯ ವಾರಗಳಲ್ಲಿ ಜಾಸ್ತಿ ಉಪ್ಪು, ಜಾಸ್ತಿ ಕಾಳು ಕೊಡುವುದು ಊತವನ್ನು ಹೆಚ್ಚಿಸುತ್ತದೆ. ಆ ಎರಡನ್ನು ಹಿಡಿತದಲ್ಲಿ ಇಡಬಹುದು. ತೀರಾ ಜೋರಾಗಿದ್ದರೆ ನೀರು ಇಳಿಸುವ ಔಷಧಿಯನ್ನು ಪಶುವೈದ್ಯರು ಕೊಡುತ್ತಾರೆ.

ಮೊದಲ ದಿನ

ಎಳೆ ಹಸುವಿನ ಕೆಚ್ಚಲಿನ ಬಗ್ಗೆ ಒಂದೇ ಒಂದು ದಿನ ಗಮನ ಕೊಡಲು ಸಾಧ್ಯವಿದ್ದರೆ ಅದು ಕರು ಹಾಕಿದ ದಿನವಾಗಿರಲಿ.

ಕರು ರೋಗ ತಡೆಯುವ ಶಕ್ತಿಯಿಲ್ಲದೆ ಹುಟ್ಟುತ್ತದೆ. ಅದು ಸಿಗುವುದು ಗಿಣ್ಣು ಹಾಲಿನಿಂದ. ಕರುಳು ಆ ರಕ್ಷಕ ಪ್ರೋಟೀನ್‌ಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಹೋಗಿ, 24 ಗಂಟೆಗೆ ಬಹುತೇಕ ಮುಚ್ಚಿರುತ್ತದೆ. ಮಾಂಸದ ತಳಿಯ ಹಸುವಿನ ಗಿಣ್ಣು ಹಾಲು ಗಟ್ಟಿ, ಆದರೆ ಸ್ವಲ್ಪ. ಚೊಚ್ಚಲ ಹಸುವಿನಲ್ಲಿ ಇನ್ನೂ ಸ್ವಲ್ಪ. 35-40 ಕೆಜಿಯ ಕರುವಿಗೆ ಮೊದಲ ಎರಡು-ನಾಲ್ಕು ಗಂಟೆಯೊಳಗೆ ಸುಮಾರು ಎರಡು ಲೀಟರ್ ಹೊಟ್ಟೆ ಸೇರಬೇಕು. ಹನ್ನೆರಡು ಗಂಟೆಯೊಳಗೆ ಇನ್ನೊಮ್ಮೆ. ತಾಯಿಯಲ್ಲಿ ಇಲ್ಲವಾದರೆ ಬೇರೆ ಹಸುವಿನ ಗಿಣ್ಣು ಹಾಲು, ಇಲ್ಲವೇ ಪುಡಿಯಿಂದ ಮಾಡಿದ್ದು ಕೊಡಬೇಕು. ಫ್ರೀಜ್ ಮಾಡಿಟ್ಟ ಗಿಣ್ಣು ಹಾಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು. ನೀರು 50 ಡಿಗ್ರಿ ದಾಟಿದರೆ ಆ ಪ್ರೋಟೀನ್‌ಗಳೇ ಹಾಳಾಗುತ್ತವೆ.

ಕರು ಕುಡಿದಿದೆಯೋ ಇಲ್ಲವೋ ಎಂದು ತಿಳಿಯಲು ಕಾವಲು ಕೂರಬೇಕಾಗಿಲ್ಲ. ಮೊಲೆಗಳನ್ನು ನೋಡಿ. ಕುಡಿದ ಮೊಲೆ ಸ್ವಚ್ಛವಾಗಿ, ಹೊಳೆಯುತ್ತಾ, ಸ್ವಲ್ಪ ಬಾಡಿರುತ್ತದೆ. ಮಣ್ಣು ಮೆತ್ತಿಕೊಂಡು ಒಣಗಿ, ಬಿಗಿದುಕೊಂಡಿದ್ದರೆ ಕುಡಿದಿಲ್ಲ. ಕರುವಿನ ಪಕ್ಕೆಯ ಗುಳಿಯೂ ಹೇಳುತ್ತದೆ.

ಕೆಚ್ಚಲು ತುಂಬಿದ್ದರೂ ಹಾಲು ಬಾರದಿರುವುದು ಚೊಚ್ಚಲ ಹಸುಗಳಲ್ಲಿ ಮಾಮೂಲಿ. ಕರು ಮೊಲೆ ಚೀಪಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಬಿಡುಗಡೆಯಾಗುತ್ತದೆ. ಅದು ಹಾಲಿನ ಕೋಶಗಳ ಸುತ್ತಲಿನ ಸ್ನಾಯುವನ್ನು ಹಿಂಡುತ್ತದೆ, ಹಾಲು ಇಳಿಯುತ್ತದೆ. ಹಸು ಹೆದರಿದರೆ, ನೋವಿನಲ್ಲಿದ್ದರೆ ಅಡ್ರಿನಾಲಿನ್ ಈ ಕೆಲಸವನ್ನು ತಡೆಯುತ್ತದೆ. ಕಷ್ಟಪಟ್ಟು ಈದ ಚೊಚ್ಚಲ ಹಸು, ಸುತ್ತಲೂ ಜನ, ನಾಯಿ, ಗಲಾಟೆ. ಅದು ಹಾಲು ಇಳಿಸಲು ಒಪ್ಪದಿದ್ದರೆ ಆಶ್ಚರ್ಯವೇನು? ಇಂಥ ಹೊತ್ತಿನಲ್ಲಿ ತಾಯಿ-ಕರುವನ್ನು ಒಂದು ಸಣ್ಣ ಜಾಗದಲ್ಲಿ ಸುಮ್ನೆ ಬಿಟ್ಟು ದೂರ ಹೋಗುವುದು ಬಹಳ ಸಲ ಕೆಲಸ ಮಾಡುತ್ತದೆ. ಆದರೆ ಗಿಣ್ಣು ಹಾಲಿನ ಗಡಿಯಾರ ಓಡುತ್ತಿರುತ್ತದೆ ಎನ್ನುವುದು ನೆನಪಿರಲಿ. ನಾಲ್ಕು ಗಂಟೆಯಾದರೂ ಕುಡಿಯದಿದ್ದರೆ ಕೈ ಹಾಕಲೇಬೇಕು.

ಹಾಲು ಎಷ್ಟು ಖಾಲಿಯಾಗುತ್ತದೋ ಅಷ್ಟೇ ಹೊಸದಾಗಿ ತಯಾರಾಗುತ್ತದೆ. ನಿಂತ ಹಾಲು ಇನ್ನು ಸಾಕು ಎಂಬ ಸೂಚನೆ ಕೊಡುತ್ತದೆ. ಹಾಗಾಗಿ ಹುಟ್ಟಿನಲ್ಲೇ ಸೋತ ಕರುವಿನ ತಾಯಿ ಕಡಿಮೆ ಹಾಲಿನ ಹಸುವಾಗಿಬಿಡುವುದುಂಟು. ತಪ್ಪು ಹಸುವಿನದಲ್ಲ, ಬೇಡಿಕೆಯೇ ಇರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಹಾಲು ಜಾಸ್ತಿ ಇರುವ ಹಸುವಿನ ಕರು ಮೊದಲ ವಾರ ಎರಡೇ ಮೊಲೆ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಉಳಿದ ಎರಡು ಬಿಗಿದು ನಿಲ್ಲುತ್ತವೆ. ಬಿಗಿದ ಮೊಲೆ ದಪ್ಪವಾಗುತ್ತದೆ, ದಪ್ಪವಾದದ್ದನ್ನು ಕರು ಹಿಡಿಯುವುದಿಲ್ಲ, ಹಿಡಿಯದೆ ಇನ್ನಷ್ಟು ಬಿಗಿಯುತ್ತದೆ. ಸೋಂಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಇಂಥದ್ದನ್ನು ಒಂದೆರಡು ಸಲ ಕೈಯಿಂದ ಕರೆದು ಸಡಿಲಿಸಿದರೆ ಕರು ಹಿಡಿದುಕೊಳ್ಳುತ್ತದೆ.

ಗಬ್ಬದ ಕೊನೆಯಲ್ಲಿ ಕೆಚ್ಚಲೇ ಬಿಡದಿದ್ದರೆ ಮೇವನ್ನು ಅನುಮಾನಿಸಬೇಕು. ಟಾಲ್ ಫೆಸ್ಕ್ಯೂ ಎಂಬ ಹುಲ್ಲಿನೊಳಗೆ ಒಂದು ಜಾತಿಯ ಶಿಲೀಂಧ್ರ ವಾಸವಾಗಿರುತ್ತದೆ. ಅದು ತಯಾರಿಸುವ ವಿಷ ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಕಾಳಿನ ತೆನೆಗೆ ತಗಲುವ ಎರ್ಗಾಟ್ ಶಿಲೀಂಧ್ರವೂ ಇದನ್ನೇ ಮಾಡುತ್ತದೆ. ದಿನ ತುಂಬುವ ಮೊದಲೇ ಕರು ಹಾಕಿದರೂ ಕೆಚ್ಚಲು ಖಾಲಿ ಇರಬಹುದು.

ನೊಣ, ಗಾಯ, ಕೆಟ್ಟ ಅಭ್ಯಾಸ

ಇನ್ನೂ ಕರುವೇ ಹಾಕದ ಕಡಸಿಗೆ ಕೆಚ್ಚಲು ಬಾವು ಬರುತ್ತದೆ ಎಂದರೆ ಹಲವರು ನಂಬುವುದಿಲ್ಲ. ಬರುತ್ತದೆ. ಮೊದಲ ಸೂಲಿನಲ್ಲೇ ಒಂದು ಮೊಲೆ ಸತ್ತಿರುವ ಹಸುಗಳಲ್ಲಿ ಎಷ್ಟೋ ಹೀಗೆ ಆದವು.

ಮೊಲೆಯ ತುದಿಯಲ್ಲಿ ಒಂದು ಸಣ್ಣ ನಾಳ. ಅದರ ಒಳಗೋಡೆ ಕೆರಾಟಿನ್ ಎಂಬ ಮೇಣದಂಥ ಪದಾರ್ಥವನ್ನು ಬಿಡುತ್ತದೆ. ಹಾಲಿಲ್ಲದ ಕಾಲದಲ್ಲಿ ಅದೇ ಬಿರಡೆಯಾಗಿ ನಾಳವನ್ನು ಮುಚ್ಚುತ್ತದೆ. ಈ ಬಿರಡೆ ಹೋದರೆ ಅಥವಾ ತುದಿಯಲ್ಲಿ ಗಾಯವಾದರೆ ರೋಗಾಣುಗಳಿಗೆ ದಾರಿ ಸಿಕ್ಕಿತು. ಹಾರ್ನ್ ಫ್ಲೈ ಎಂಬ ರಕ್ತ ಹೀರುವ ಸಣ್ಣ ನೊಣ ಮೊಲೆಯ ತುದಿಯನ್ನು ಕಚ್ಚಿ ಹಕ್ಕಳೆ ಕಟ್ಟಿಸುತ್ತದೆ. ಆ ಹಕ್ಕಳೆಯಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ನೊಣಗಳೇ ಅದನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತು ಹೋಗುತ್ತವೆ. ಉತ್ತರ ಯುರೋಪಿನಲ್ಲಿ ಬೇಸಿಗೆ ಬಾವು ಎಂದೇ ಹೆಸರಾದ ಕಾಯಿಲೆ ಇನ್ನೂ ಕೆಟ್ಟದ್ದು. ಹೈಡ್ರೋಟಿಯಾ ಇರಿಟಾನ್ಸ್ ಎಂಬ ನೊಣದ ಜೊತೆ ಸೇರಿದ ಈ ರೋಗ ಕಡಸುಗಳಿಗೂ ಹಾಲು ಬತ್ತಿದ ಹಸುಗಳಿಗೂ ಬರುತ್ತದೆ. ನಾರುವ ಕೀವು ತುಂಬಿ ಆ ಭಾಗ ಬಹುತೇಕ ಕೈಬಿಟ್ಟಂತೆಯೇ. ಮೈಗೆ ವಿಷ ಏರಿ ಹಸು ಸಾಯುವುದೂ ಉಂಟು. ಹಾಗಾಗಿ ನೊಣದ ಕಾಲದಲ್ಲಿ ಕಡಸುಗಳಿಗೆ ಔಷಧಿ ಇರುವ ಕಿವಿ ಬಿಲ್ಲೆ ಹಾಕುವುದು, ಬೆನ್ನಿಗೆ ನೊಣದ ಔಷಧಿ ಸುರಿಯುವುದು ದುಂದು ಅಲ್ಲ.

ಹಾಲು ಬಿಡಿಸಿದ ಹೆಣ್ಣು ಕರುಗಳು ಒಂದರ ಮೊಲೆ ಇನ್ನೊಂದು ಚೀಪುವ ಅಭ್ಯಾಸವೂ ಇದೇ ಸಾಲಿಗೆ ಸೇರುತ್ತದೆ. ನೋಡಲು ತಮಾಷೆ. ಬಿರಡೆ ಕಿತ್ತುಬರುತ್ತದೆ, ಬಾಯಿಯ ಕೊಳೆ ಒಳಗೆ ಹೋಗುತ್ತದೆ. ಎರಡು ವರ್ಷದ ನಂತರ ಆ ಮೊಲೆಯಲ್ಲಿ ಹಾಲೇ ಬರುವುದಿಲ್ಲ. ಚೀಪುವ ಕರುವಿನ ಮೂಗಿಗೆ ಮುಳ್ಳಿನ ಪಟ್ಟಿ ಹಾಕಬೇಕು, ಇಲ್ಲವೇ ಬೇರೆ ಮಾಡಬೇಕು.

ಚಳಿ ದೇಶಗಳಲ್ಲಿ ಇನ್ನೊಂದು ವಿಚಿತ್ರ ತೊಂದರೆ ಇದೆ. ಹಿಮದ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ, ಬಿಳಿ ಚರ್ಮದ ಕೆಚ್ಚಲು ಕೆಳಗಿನಿಂದ ಸುಡುತ್ತದೆ. ಹೆರೆಫೋರ್ಡ್‌ನಂಥ ಬಿಳಿ ಹೊಟ್ಟೆಯ ಹಸುಗಳಲ್ಲಿ ಇದು ಹೆಚ್ಚು. ಚರ್ಮ ಬಿರಿದ ಹಸು ಕರುವನ್ನು ಹತ್ತಿರ ಬಿಡುವುದಿಲ್ಲ. ಮಾಲೀಕರು ಮಾತ್ರ ಇದಕ್ಕೆ ತಾಯ್ತನವೇ ಇಲ್ಲ ಎಂದು ಬೈಯುತ್ತಾರೆ. ಮೊಲೆ ಹೆಪ್ಪುಗಟ್ಟಿ ಗಾಯವಾಗುವುದು, ನರಹುಲಿ, ಮುಳ್ಳುತಂತಿಯ ಗೀರು, ಇವೂ ಹಾಗೆಯೇ. ಒದೆಯುವ ಹಸುವನ್ನು ಬೈಯುವ ಮೊದಲು ಬಗ್ಗಿ ಮೊಲೆ ನೋಡಬೇಕು.

ಬಾವು ಬಂದಿದ್ದರೆ

ಹುಲ್ಲುಗಾವಲಿನಲ್ಲಿ ಬಾವು ಗುರುತಿಸುವುದು ದೂರದಿಂದಲೇ ಆಗಬೇಕಾದ ಕೆಲಸ. ಹಸು ಹಿಂಗಾಲು ಅಗಲಿಸಿ ನಡೆಯುತ್ತದೆ, ಕುಂಟುತ್ತದೆ. ಕೆಚ್ಚಲಿನ ಒಂದು ಭಾಗ ದೊಡ್ಡದಾಗಿ ಅಥವಾ ಒಣಗಿ ಸಣ್ಣದಾಗಿ ಕಾಣುತ್ತದೆ. ಕರು ಪದೇ ಪದೇ ಕೆಚ್ಚಲಿಗೆ ಗುದ್ದುತ್ತದೆ, ಒಂದು ಮೊಲೆಯಿಂದ ಇನ್ನೊಂದಕ್ಕೆ ಹಾರುತ್ತದೆ, ಕುಡಿದ ಮೇಲೂ ಕೂಗುತ್ತದೆ. ಬೇರೆ ಹಸುಗಳ ಹಿಂದಿನಿಂದ ಹೋಗಿ ಕದ್ದು ಕುಡಿಯುವ ಕರುವಿನ ತಾಯಿಯನ್ನು ಖಂಡಿತ ಪರೀಕ್ಷಿಸಬೇಕು.

ಹೊರಗೆ ಏನೂ ಕಾಣದ ಬಾವು ಇನ್ನೂ ಸಾಮಾನ್ಯ. ಅದಕ್ಕೆ ಕ್ಯಾಲಿಫೋರ್ನಿಯಾ ಪರೀಕ್ಷೆ ಇದೆ. ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯ ಹಾಲು ಹಿಂಡಿ, ಸೋಪಿನಂಥ ದ್ರಾವಣ ಬೆರೆಸಿ ಅಲ್ಲಾಡಿಸುತ್ತಾರೆ. ಹಾಲಿನಲ್ಲಿ ಬಿಳಿ ರಕ್ತಕಣ ಜಾಸ್ತಿ ಇದ್ದರೆ ಅವು ಒಡೆದು ಲೋಳೆಯಾಗುತ್ತದೆ. ಕರು ಹಾಕಿದ ಮೊದಲ ಕೆಲವು ದಿನ ಆರೋಗ್ಯವಂತ ಹಸುವಿನ ಹಾಲೂ ಲೋಳೆ ತೋರಿಸಬಹುದು. ಆಗ ಮಾಡಿದ ಪರೀಕ್ಷೆಯನ್ನು ನಂಬಬೇಡಿ.

ಚಿಕಿತ್ಸೆ ಎಂದರೆ ಮೊಲೆಯೊಳಗೆ ಬಿಡುವ ಆಂಟಿಬಯಾಟಿಕ್ ಟ್ಯೂಬ್, ಜ್ವರ ಇದ್ದರೆ ಇಂಜೆಕ್ಷನ್. ಯಾವ ಔಷಧಿ ಎಂದು ಪಶುವೈದ್ಯರೇ ಹೇಳಬೇಕು. ಟ್ಯೂಬ್ ಹಾಕುವ ಮೊದಲು ತುದಿಯನ್ನು ಸ್ಪಿರಿಟ್‌ನಿಂದ ಒರೆಸದಿದ್ದರೆ ನಾವೇ ಕೊಳೆಯನ್ನು ಒಳಗೆ ತಳ್ಳಿದಂತಾಗುತ್ತದೆ. ಔಷಧಿ ಕೊಟ್ಟ ಮೇಲೆ ಇಂತಿಷ್ಟು ದಿನ ಆ ಹಸುವನ್ನು ಮಾಂಸಕ್ಕೆ ಕಳುಹಿಸುವಂತಿಲ್ಲ ಎಂಬ ನಿಯಮ ಪ್ರತಿ ಔಷಧಿಗೂ ಇರುತ್ತದೆ. ಆ ಔಷಧಿ ಹಾಲಿನ ಮೂಲಕ ಕರುವಿಗೂ ಹೋಗುತ್ತದೆ ಎನ್ನುವುದನ್ನು ಮರೆಯುವವರು ಜಾಸ್ತಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ಹಳೆಯದಾದರೆ ಔಷಧಿಗೆ ಬಗ್ಗುವುದು ಕಡಿಮೆ. ಅದು ಅಂಗಾಂಶದೊಳಗೆ ಸಣ್ಣ ಗಂಟು ಕಟ್ಟಿಕೊಂಡು ಅಡಗುತ್ತದೆ. ಅಂಥ ಹಸುವಿಗೆ ಟ್ಯೂಬ್ ಮೇಲೆ ಟ್ಯೂಬ್ ಹಾಕುವುದಕ್ಕಿಂತ ಮಂದೆಯಿಂದ ತೆಗೆಯುವುದೇ ಮೇಲು. ಒಂದು ಮೊಲೆ ಹೋದರೂ ಉಳಿದ ಮೂರು ಸ್ವಲ್ಪ ಹೆಚ್ಚು ಹಾಲು ಕೊಟ್ಟು ಸರಿದೂಗಿಸಲು ನೋಡುತ್ತವೆ. ಪೂರ್ತಿ ಸರಿದೂಗುವುದಿಲ್ಲ. ಬಾವು ಬಂದ ಹಸುವಿನ ಕರು ಉಳಿದವಕ್ಕಿಂತ ಶೇ 10ರಷ್ಟು ಹಗುರವಾಗುವುದು ಅಪರೂಪವಲ್ಲ.

ಆಕಾರಕ್ಕೂ ಅಂಕ ಇದೆ

ಕಾಯಿಲೆಯಿಲ್ಲದೆಯೂ ಕೆಚ್ಚಲು ಕೆಡಬಹುದು. ಕೆಚ್ಚಲನ್ನು ಹೊಟ್ಟೆಗೆ ಕಟ್ಟಿ ಹಿಡಿದಿರುವುದು ಮುಖ್ಯವಾಗಿ ಮಧ್ಯದ ಕಟ್ಟು ಮತ್ತು ಅಕ್ಕಪಕ್ಕದ ಕಟ್ಟುಗಳು. ಮಧ್ಯದ್ದು ಹಿಗ್ಗುತ್ತದೆ. ಅದು ಸೋತರೆ ಕೆಚ್ಚಲು ಜೋತುಬಿದ್ದು, ಮೊಲೆಗಳು ಹೊರಮುಖವಾಗಿ ತಿರುಗುತ್ತವೆ. ಹುಟ್ಟಿದ ಕರು ಮೇಲಕ್ಕೆ ಮೂತಿ ಚಾಚಿ ಹುಡುಕುತ್ತದೆ. ಮೊಲೆ ಮೊಣಕಾಲ ಹತ್ತಿರ ನೇತಾಡುತ್ತಿದ್ದರೆ ಅದಕ್ಕೆ ಹೇಗೆ ಸಿಗಬೇಕು? ಮೊಲೆಯೇ ಬಾಟಲಿಯಷ್ಟು ದಪ್ಪವಾಗಿದ್ದರೆ ಸಿಕ್ಕರೂ ಬಾಯಿಗೆ ಹಿಡಿಯುವುದಿಲ್ಲ.

ಇದಕ್ಕಾಗಿ 1ರಿಂದ 9ರವರೆಗೆ ಎರಡು ಅಂಕ ಕೊಡುತ್ತಾರೆ. ಒಂದು ಕೆಚ್ಚಲು ಎಷ್ಟು ಬಿಗಿಯಾಗಿ ನಿಂತಿದೆ ಎಂಬುದಕ್ಕೆ, ಇನ್ನೊಂದು ಮೊಲೆಯ ಗಾತ್ರಕ್ಕೆ. 9 ಎಂದರೆ ಬಹಳ ಬಿಗಿ, ಬಹಳ ಸಣ್ಣ ಮೊಲೆ. 1 ಎಂದರೆ ಪೂರ್ತಿ ಜೋತಿದ್ದು, ಬಲೂನಿನಂಥ ಮೊಲೆ. ಕರು ಹಾಕಿದ 24 ಗಂಟೆಯೊಳಗೆ ನೋಡಬೇಕು, ನಾಲ್ಕರಲ್ಲಿ ಅತಿ ಕೆಟ್ಟದ್ದಕ್ಕೆ ಅಂಕ ಕೊಡಬೇಕು, ಪ್ರತಿ ವರ್ಷ ಒಬ್ಬರೇ ಕೊಟ್ಟರೆ ಒಳ್ಳೆಯದು. ಎಳೆ ಹಸುಗಳಿಗೆ ಸಾಮಾನ್ಯವಾಗಿ ಒಳ್ಳೆಯ ಅಂಕವೇ ಬರುತ್ತದೆ, ವಯಸ್ಸಾದಂತೆ ಇಳಿಯುತ್ತದೆ. ಹಾಗಾಗಿ ಮೊದಲ ಸೂಲಿನಲ್ಲೇ 4 ಬಂದ ಹಸು ಐದನೇ ಸೂಲಿಗೆ ಎಲ್ಲಿಗೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಈ ಆಕಾರದಲ್ಲಿ ಹಸುವಿನಿಂದ ಹಸುವಿಗೆ ಕಾಣುವ ವ್ಯತ್ಯಾಸದ ಸುಮಾರು ಮೂರರಲ್ಲೊಂದು ಭಾಗ ವಂಶದಿಂದ ಬರುತ್ತದೆ. ಅದು ಸಾಕಷ್ಟು ದೊಡ್ಡ ಪಾಲು. ಹೋರಿಗೆ ಕೆಚ್ಚಲಿಲ್ಲ ನಿಜ. ಆದರೆ ಅದರ ತಾಯಿಗೆ, ಅಕ್ಕತಂಗಿಯರಿಗೆ ಇತ್ತಲ್ಲ. ಒಂದು ಹಸುವಿನ ಕೆಟ್ಟ ಕೆಚ್ಚಲು ಅದರ ನಾಲ್ಕೈದು ಹೆಣ್ಣು ಕರುಗಳಿಗೆ ಹೋಗಬಹುದು. ಹೋರಿಯಿಂದ ಬಂದರೆ ಇಡೀ ಮಂದೆಗೆ.

ಹಾಲು ಜಾಸ್ತಿಯಾದರೂ ಕಷ್ಟ

ಹೋರಿ ಆರಿಸುವಾಗ ಅದರ ಪಟ್ಟಿಯಲ್ಲಿ ಹಾಲಿನ ಅಂಕವೊಂದು ಇರುತ್ತದೆ. ಅದು ಲೀಟರ್ ಅಲ್ಲ. ಆ ಹೋರಿಯ ಹೆಣ್ಣುಮಕ್ಕಳು ತಮ್ಮ ಹಾಲು ಮತ್ತು ತಾಯ್ತನದಿಂದ ಕರುವಿನ ತೂಕವನ್ನು ಎಷ್ಟು ಹೆಚ್ಚಿಸಬಹುದು ಎಂಬ ಅಂದಾಜು. ದೊಡ್ಡ ಅಂಕ ಕಂಡರೆ ಆಸೆಯಾಗುತ್ತದೆ.

ಆದರೆ ಲೆಕ್ಕ ಹಾಕಿ. ಹಸುವಿನ ಗಬ್ಬ 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬೆಳೆದ ಹಸು 50-60 ದಿನಕ್ಕೆ ಬೆದೆಗೆ ಬರುತ್ತದೆ. ಚೊಚ್ಚಲ ಹಸುವಿಗೆ 80-100 ದಿನ ಬೇಕಾಗಬಹುದು. ಆಗಲೇ ಗಡಿ ದಾಟಿತು. ಹಾಲಿನ ಏರು ಬರುವುದೂ ಇದೇ ಸಮಯಕ್ಕೆ. ಮೈಯಲ್ಲಿರುವ ಶಕ್ತಿ ಮೊದಲು ಬೆಳವಣಿಗೆಗೆ, ಹಾಲಿಗೆ ಹೋಗುತ್ತದೆ, ಬೆದೆಗೆ ಕೊನೆಯ ಸರದಿ. ಮೇವು ಸಾಧಾರಣವಾಗಿರುವ ಕಡೆ ಜಾಸ್ತಿ ಹಾಲಿನ ಎಳೆ ಹಸು ಈ ವರ್ಷ ಚಂದದ ಕರು ಬೆಳೆಸಿ, ಮುಂದಿನ ವರ್ಷ ಖಾಲಿ ನಿಲ್ಲುತ್ತದೆ. ಹುಲ್ಲಿಗೆ ತಕ್ಕ ಹಾಲಿರಲಿ ಎನ್ನುವುದು ನನ್ನ ಪಕ್ಷ. ಚೊಚ್ಚಲ ಹಸುಗಳನ್ನು ದೊಡ್ಡ ಹಸುಗಳ ಜೊತೆ ಬಿಟ್ಟರೆ ಮೇವಿನ ತೊಟ್ಟಿಯ ಹತ್ತಿರವೂ ಬರಲಾಗುವುದಿಲ್ಲ. ಅವನ್ನು ಬೇರೆ ಗುಂಪಾಗಿ ಇಟ್ಟು ಮೇಯಿಸುವುದು ಯಾವ ಔಷಧಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಕೊನೆಯ ಅಪಾಯದ ಘಟ್ಟ ಕರುವಿನ ಹಾಲು ಬಿಡಿಸುವ ವಾರ. ಕೆಚ್ಚಲು ತುಂಬಿ ಬಿಗಿಯುತ್ತದೆ, ಹಸು ಕೂಗಾಡುತ್ತದೆ. ಪಾಪ ಅನ್ನಿಸಿ ಸ್ವಲ್ಪ ಕರೆದುಬಿಡೋಣ ಎಂದು ಕೈ ಹೋಗುತ್ತದೆ. ಕರೆಯಬಾರದು. ಕರೆದರೆ ಹಾಲು ಮತ್ತೆ ತಯಾರಾಗುತ್ತದೆ, ಮೊಲೆಯ ತುದಿ ಮತ್ತೆ ತೆರೆಯುತ್ತದೆ. ಒಳಗಿನ ಒತ್ತಡವೇ ಹಾಲು ನಿಲ್ಲಿಸಬೇಕು. ಆ ವಾರ ಕಾಳು, ಹಿಂಡಿ ನಿಲ್ಲಿಸಿ ಒಣ ಹುಲ್ಲು ಕೊಟ್ಟರೆ ಬೇಗ ಬತ್ತುತ್ತದೆ. ನೀರು ಮಾತ್ರ ಕಡಿಮೆ ಮಾಡಬೇಡಿ. ದಿನ ಕಳೆದಂತೆ ನಾಲ್ಕೂ ಭಾಗ ಸಮನಾಗಿ ಸುಕ್ಕುಗಟ್ಟುತ್ತಾ ಹೋಗಬೇಕು. ಮೂರು ಸುಕ್ಕಾಗಿ ಒಂದು ಮಾತ್ರ ಗಟ್ಟಿಯಾಗಿ ನಿಂತರೆ ಆ ಹಸುವನ್ನು ಹಿಡಿದು ಪರೀಕ್ಷಿಸಿ, ಕಿವಿಯ ನಂಬರಿನ ಮುಂದೆ ಯಾವ ಮೊಲೆ ಎಂದು ಬರೆದುಕೊಳ್ಳಿ. ಮುಂದಿನ ಸಲ ಅದು ಕರು ಹಾಕಿದ ದಿನ ಮೊದಲು ನೋಡಬೇಕಾದ ಮೊಲೆ ಅದೇ.